ಹೊಯ್ಗೆ ಗುಡಿಸಿದ ವರ್ಷ

ಮೊನ್ನೆ ಬ್ರಹ್ಮಾವರದ ಕಡೆಯ ಜೋಡಿಯೊಂದು ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳಲು ಬಂದಿತ್ತು. ಕಡಲ ಬದಿ ಬೇಕು, ಮೇಲೆ ಡ್ರೋನ್ ಹಾರಬೇಕು, ಹುಡುಗಿಯ ಕೆಂಪು ಸೆರಗು ಗಾಳಿಗೆ ತೇಲಬೇಕು ಎಂದು ಫೋನಿನಲ್ಲಿ ಮಾದರಿ ತೋರಿಸಿಯೇ ಮಾತಾಗಿತ್ತು. ಬೀಜಾಡಿಯ ಹತ್ತಿರ ಕಾರಿನಿಂದ ಇಳಿದದ್ದೇ ತಡ, ಹುಡುಗಿ ಸೆರಗನ್ನು ಗಾಳಿಗೆ ಬಿಡುವುದು ಬಿಟ್ಟು ಮೂಗಿಗೆ ಒತ್ತಿಕೊಂಡಳು. ಬೆಳಗಿನ ಗಾಳಿ ಒಣಮೀನಿನ ವಾಸನೆಯನ್ನು ನೇರ ನಮ್ಮ ಮುಖಕ್ಕೇ ತಂದಿತ್ತು.

“ಅಕ್ಕ, ಆ ಮೀನೆಲ್ಲ ಫೋಟೊದಿಂದ ತೆಗುಕೆ ಆತ್ತಾ?” ಹುಡುಗ ಕೇಳಿದ. “ಬರೀ ಹೊಯ್ಗೆ ಕಂಡ್ರೆ ಸಾಕ್.”

“ಆತಿಲ್ಲ,” ಅಂದೆ.

“ಈಗ ಎಲ್ಲಾ ಫೋನಲ್ಲೇ ಆತ್ತ್ ಅಲ್ದಾ? ಒಂದ್ ಬೆರಳ್ ಒತ್ರೆ ಮುಗೀತ್.”

“ಆತ್ತ್. ಆರೆ ನಾ ಮಾಡುದಿಲ್ಲ. ಒಂದ್ಸಲ ತೆಗ್ದಾಯ್ತ್, ಅದ್ರ ಫಲ ಉಂಡಾಯ್ತ್.”

ಇಬ್ಬರೂ ಮುಖ ಮುಖ ನೋಡಿಕೊಂಡರು. ಕೋಟೇಶ್ವರದಲ್ಲಿ ಸ್ಟುಡಿಯೊ ಇಟ್ಟು ಇಷ್ಟು ವರ್ಷವಾದರೂ ನನ್ನ ಬಾಯಿ ಗಿರಾಕಿಗಳಿಗೆ ತಕ್ಕಂತೆ ಮೆತ್ತಗಾಗಿಲ್ಲ. ಆದರೆ ಅಂದು ಸಿಟ್ಟು ಬಂದದ್ದು ಆ ಹುಡುಗನ ಮೇಲಲ್ಲ. ಬರೀ ಹೊಯ್ಗೆ ಕಾಣಬೇಕು ಎಂಬ ಆ ಮಾತಿನ ಮೇಲೆ. ಹೊಯ್ಗೆ ಅಂದರೆ ನಮ್ಮಲ್ಲಿ ಮರಳು. ಬರೀ ಹೊಯ್ಗೆ ಕಾಣುವಂತೆ ನಮ್ಮವರೇ ಕೈಯಾರೆ ಮಾಡಿಕೊಂಡ ಒಂದು ವರ್ಷವಿತ್ತು. ಆ ವಾಸನೆಗೆ ಅದು ಪೂರ್ತಿ ನೆನಪಾಯಿತು.

ಅಲ್ಲಿನ ಗಾಳಿಮರಗಳ ತೋಪಿನಿಂದ ಕಡಲಿನವರೆಗೆ ಹರಡಿದ ಬಯಲು ನನ್ನ ಅಬ್ಬಿಯ, ಅಂದರೆ ಅಮ್ಮನ, ತವರು ಕೇರಿಯದು. ಮಾರ್ನಮಿ ಕಳೆದು ಬಿಸಿಲು ಗಟ್ಟಿಯಾದ ಮೇಲೆ ಮುಂದಿನ ಮಳೆಯವರೆಗೆ ಕೇರಿಯ ಹೆಂಗಸರು ಅಲ್ಲಿ ಮೀನು ಒಣಗಿಸುತ್ತಾರೆ. ಬೈಗೆ, ಸಿಗಡಿ, ಬಲೆಗೆ ಬಿದ್ದ ಸಣ್ಣಪುಟ್ಟದ್ದೆಲ್ಲ. ಒಬ್ಬೊಬ್ಬಳಿಗೂ ಒಂದೊಂದು ಚೌಕ. ಬೇಲಿಯಿಲ್ಲ, ಕಲ್ಲಿಲ್ಲ, ಗೆರೆಯೂ ಇಲ್ಲ. ಆದರೂ ಒಬ್ಬಳ ಮೀನು ಇನ್ನೊಬ್ಬಳ ಹೊಯ್ಗೆಗೆ ಅಪ್ಪಿತಪ್ಪಿ ಬೀಳುವುದಿಲ್ಲ. ಬಿದ್ದರೆ ಆ ದಿನದ ಜಗಳ ಹೆದ್ದಾರಿಯವರೆಗೂ ಕೇಳುತ್ತದೆ. ನನ್ನ ಅಬ್ಬಿಯ ತಂಗಿ ಪದ್ದು ಚಿಕ್ಕಮ್ಮನ ಚೌಕ ನಡುಮಧ್ಯದಲ್ಲಿ. ಗಂಡ ಹಾಸಿಗೆ ಹಿಡಿದ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿ ಮದುವೆ ಮಾಡಿದ್ದು ಆ ಚೌಕದ ಮೇಲೆ ಕೂತೇ. ಆ ಬಯಲು ಹೋದರೆ ಚಿಕ್ಕಮ್ಮನಿಗೆ, ಅವಳಂಥ ಇನ್ನೆಷ್ಟೋ ಹೆಂಗಸರಿಗೆ, ಬೇರೆ ಎಲ್ಲೂ ಕೂರುವ ಜಾಗವಿಲ್ಲ.

ಆ ವರ್ಷ ಮಳೆ ಬಿಟ್ಟ ಹೊಸತರಲ್ಲಿ ಪಂಚಾಯತಿನ ಜೀಪು ಮೈಕು ಕಟ್ಟಿಕೊಂಡು ಬಂತು. ಕಡಲ ಬದಿಯ ಹೊಸ ನಕ್ಷೆ ಮಾಡುತ್ತಾರಂತೆ, ಅದಕ್ಕೆ ಆಕಾಶದಿಂದ ಫೋಟೊ ತೆಗೆಯುತ್ತಾರಂತೆ, ಸಾರ್ವಜನಿಕರು ಸಹಕರಿಸಬೇಕಂತೆ. ಯಾವ ಜಾಗವನ್ನು ಯಾರು ಯಾವುದಕ್ಕೆ ಬಳಸುತ್ತಾರೆ ಎಂದು ಗುರುತಿಸುವುದಕ್ಕೇ ಆ ಫೋಟೊ ಎಂದು ಮೈಕಿನವನಿಗೂ ಗೊತ್ತಿದ್ದಂತಿರಲಿಲ್ಲ. ಕೇರಿಗೆ ಕೇಳಿಸಿದ್ದು ಎರಡೇ ಪದ, ಆಕಾಶ ಮತ್ತು ಫೋಟೊ.

ಫೋಟೊ ಅಂದರೆ ನಮ್ಮವರಿಗೆ ಏನು ಗೊತ್ತೇ? ಮುಖ ತೊಳೆಯಬೇಕು, ತಲೆ ಬಾಚಬೇಕು, ಹಿಂದೆ ಒಣಗಲು ಹಾಕಿದ ಬಟ್ಟೆ ಕಾಣಬಾರದು. ಚಿಕ್ಕಮ್ಮ ಕೇರಿಯನ್ನೆಲ್ಲ ಎಬ್ಬಿಸಿದಳು. “ಹ್ವಾಯ್, ಮೇಲಿಂದ ಕಾಂಬವ್ರ್ ಎಂತ ಹೇಳ್ಕ್? ಗಲೀಜ್ ಕೇರಿ ಅಂತ ಹೇಳ್ಕಾ? ಎಲ್ಲಾ ಎತ್ತಿನಿ!” ಮೀನೆಲ್ಲ ಬುಟ್ಟಿ ಸೇರಿತು. ದೋಣಿಗಳನ್ನು ಗಂಡಸರು ಗಾಳಿಮರದ ಅಡಿಗೆ ಎಳೆದರು. ಬಲೆ, ಹಗ್ಗ, ಟರ್ಪಾಲು, ಕಾಗೆ ಓಡಿಸಲು ನೆಟ್ಟ ಕಪ್ಪು ಬಟ್ಟೆಯ ಕೋಲು ಎಲ್ಲ ಮನೆಯೊಳಗೆ ಹೋದವು. ಆಮೇಲೆ ಹೆಂಗಸರು ಸಾಲಾಗಿ ನಿಂತು ಹಿಡಿಸೂಡಿ ಹಿಡಿದು ಇಡೀ ಬಯಲನ್ನು ಗುಡಿಸಿದರು. ಕೆಲಸ ಮುಗಿದ ಮೇಲೆ ಒಳ್ಳೆಯ ಸೀರೆ ಉಟ್ಟು, ಫೋಟೊಕ್ಕೆ ಅಡ್ಡ ಬರಬಾರದೆಂದು ಮರದ ನೆರಳಿಗೆ ಸರಿದು ನಿಂತರು. ಸರ್ವೆಯವರ ಡ್ರೋನ್ ಗುಂಯ್‌ಗುಡುತ್ತ ಮೇಲೆ ಹೋಯಿತು. ಇವರು ಎಲೆಗಳ ಅಡಿಯಿಂದಲೇ ಅದಕ್ಕೆ ಕೈ ಬೀಸಿದರು.

ನಾನು ಆ ದಿನ ಸಾಲಿಗ್ರಾಮದಲ್ಲಿ ಒಂದು ಮದುವೆಯ ಕೆಲಸದಲ್ಲಿದ್ದೆ. ಇದ್ದಿದ್ದರೆ ತಡೆಯುತ್ತಿದ್ದೆನೇ? ಇಲ್ಲ, ನಾನೂ ಒಂದು ಹಿಡಿಸೂಡಿ ಹಿಡಿಯುತ್ತಿದ್ದೆನೇನೋ.

ಕೆಲವು ವಾರ ಕಳೆದು ಕರಡು ನಕ್ಷೆಯನ್ನೂ ಫೋಟೊವನ್ನೂ ಪಂಚಾಯತಿನ ಗೋಡೆಗೆ ಹಚ್ಚಿದರು. ಚಿಕ್ಕಮ್ಮ ನನ್ನನ್ನು ಎಳೆದುಕೊಂಡು ಹೋದಳು, ತಾನು ಗುಡಿಸಿದ್ದು ಹೇಗೆ ಬಂದಿದೆ ನೋಡಲು. ಹೇಳಬೇಕಲ್ಲ, ಫೋಟೊ ಬಹಳ ಚಂದ ಬಂದಿತ್ತು. ನೀಲಿ ಕಡಲು, ಬಿಳಿ ನೊರೆಯ ಅಂಚು, ಹಿಡಿಸೂಡಿಯ ಗೆರೆಗಳು ಸಣ್ಣದಾಗಿ ಮೂಡಿದ ಹೊಂಬಣ್ಣದ ಹೊಯ್ಗೆ. ಒಂದು ದೋಣಿಯಿಲ್ಲ, ಒಂದು ಮೀನಿಲ್ಲ, ಒಂದು ಮನುಷ್ಯಜೀವ ಇಲ್ಲ.

“ಅಬ್ಬ್ಯಾ! ಎಷ್ಟ್ ಚಂದ ಬಂದಿತ್ ಕಾಣ್ ಹೆಣೆ! ಒಂದ್ ಕಸ ಇಲ್ಲ!” ಚಿಕ್ಕಮ್ಮ ಹಿಗ್ಗಿ ಹೀರೆಕಾಯಿಯಾದಳು.

ನಾನು ಕೆಳಗಿನ ಅಕ್ಷರ ಓದಿದೆ. ನಮ್ಮ ಬಯಲಿನ ಮೇಲೆ ಹಳದಿ ಬಣ್ಣ ಬಳಿದು ‘ಬಳಕೆಯಲ್ಲಿಲ್ಲದ ಖಾಲಿ ಮರಳು’ ಎಂದು ಬರೆದಿದ್ದರು. ಅದರ ಪಕ್ಕದಲ್ಲೇ ಇನ್ನೊಂದು ಚೀಟಿ: ಸದರಿ ಖಾಲಿ ಜಾಗದಲ್ಲಿ ಪ್ರವಾಸಿಗಳಿಗೆ ಡೇರೆ ಮತ್ತು ವಾಹನ ನಿಲುಗಡೆಯ ಪ್ರಸ್ತಾಪ, ಆಕ್ಷೇಪಣೆ ಇದ್ದವರು ತಿಳಿಸತಕ್ಕದ್ದು. ಗಟ್ಟಿಯಾಗಿ ಓದಿ ಹೇಳಿದೆ. ಚಿಕ್ಕಮ್ಮನ ಮುಖ ನೋಡಲಾಗಲಿಲ್ಲ. ಗೋಡೆಯ ಮೇಲಿನ ಹೊಯ್ಗೆಯನ್ನು ಬೆರಳಿನಿಂದ ಮುಟ್ಟಿ, “ಖಾಲಿಯಾ? ಇದಾ?” ಎಂದಷ್ಟೇ ಕೇಳಿದಳು.

ಆಕ್ಷೇಪಣೆ ಕೇಳಲು ಬಂದವರು ಹೊರಜಿಲ್ಲೆಯ ಒಬ್ಬ ಅಧಿಕಾರಿ. ವಯಸ್ಸು ಸಣ್ಣದು, ಮಾತು ಮೆದು, ಕೆಟ್ಟವರೇನಲ್ಲ. ಚಿಕ್ಕಮ್ಮ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಗುಡಿಸಿದ್ದನ್ನು ಕೇಳಿ ಅವರಿಗೆ ನಗು ತಡೆಯಲಾಗಲಿಲ್ಲ.

“ಅಮ್ಮಾ, ನಿಮ್ಮ ಮಾತು ನಿಜವೇ ಇರಬಹುದು. ಆದರೆ ಫೋಟೊ ಸುಳ್ಳು ಹೇಳೋದಿಲ್ಲವಲ್ಲ.”

“ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ, ಸರ್,” ಎಂದು ನಾನು ಬಾಯಿ ಹಾಕಿದೆ. “ನನ್ನ ಹತ್ತಿರವೂ ಡ್ರೋನ್ ಉಂಟು. ನಾಳೆಯೇ ಮೀನು ಹರಡಿದ್ದರ ಫೋಟೊ ತಂದುಕೊಡ್ತೇನೆ.”

“ತಂದರೆ, ಆಕ್ಷೇಪಣೆಗಾಗಿ ಬೇಕೆಂದೇ ಹರಡಿದರು ಅಂತ ಇನ್ನೊಬ್ಬರು ಹೇಳ್ತಾರೆ. ಒಂದು ದಿನದ ಫೋಟೊದಿಂದ ಏನು ಸಾಬೀತಾಗುತ್ತೆ?”

“ಹಾಗಾದರೆ ನಿಮ್ಮದು ಎಷ್ಟು ದಿನದ್ದು, ಸರ್?”

ಅವರು ಪೆನ್ನು ಕೆಳಗಿಟ್ಟರು. ಉಪಗ್ರಹದ ಚಿತ್ರಗಳನ್ನೂ ನೋಡಿದ್ದೇವೆ, ಅದರಲ್ಲೂ ಏನೂ ಸ್ಪಷ್ಟವಿಲ್ಲ, ಮಳೆಗಾಲದ್ದಂತೂ ಪೂರ್ತಿ ಮೋಡ ಎಂದರು. ನನಗೆ ತಲೆ ಬಿಸಿಯಾಯಿತು. “ಮೋಡ ಕವಿದರೆ ಇಡೀ ಕುಂದಾಪುರವೇ ಕಾಣೋದಿಲ್ಲ. ಹಾಗಂತ ಕುಂದಾಪುರ ಖಾಲಿ ಅಂತ ಬರೆದಿದ್ದೀರಾ? ನಮಗೆ ಒಂದು ಹಂಗಾಮು ಕೊಡಿ. ಈಗಿನಿಂದ ಮಳೆ ಬೀಳುವವರೆಗೆ ವಾರವಾರ ಫೋಟೊ ತೆಗೀತೇನೆ. ಆಮೇಲೆ ನೋಡಿ ಬರೀರಿ.”

ಅವರು ಕಡತದ ಹಾಳೆ ತಿರುವಿ, ಅಂತಿಮ ನಕ್ಷೆ ಹೇಗೂ ಮಳೆಗೆ ಮುಂಚೆ ಆಗುವುದಿಲ್ಲ, ತನ್ನಿ ಎಂದರು. ಡೇರೆಯ ಆಸೆ ಇಟ್ಟುಕೊಂಡಿದ್ದ ಪಂಚಾಯತಿನ ಸದಸ್ಯನೊಬ್ಬ ಹೊರಗೆ ಬಂದು ನನ್ನನ್ನು ನೋಡಿ, “ಮದುವೆ ಫೋಟೊ ಬಿಟ್ಟ್ ಮೀನಿನ್ ಫೋಟೊ ಹಿಡ್ದ್ಯಾ, ಸುಜಾತ?” ಎಂದು ಹಲ್ಲು ಕಿಸಿದ. “ಮೀನ್ ಮೋರೆ ಸಮಾ ಇತ್ತ್, ನಿಮ್ಮದಕ್ಕಿಂತ,” ಅಂದು ಸ್ಕೂಟರ್ ಹತ್ತಿದೆ.

ಹಾಗೆ ಶುರುವಾಯಿತು ನೋಡಿ ಆ ಹಂಗಾಮು. ಅದುವರೆಗೆ ನಾನು ಡ್ರೋನ್ ಹಾರಿಸಿದ್ದೆಲ್ಲ ಮದುವೆ ಚಪ್ಪರದ ಮೇಲೆ. ಗಾಳಿ ಅಂದರೆ ಹೂವಿನ ಎಸಳು ಹಾರುವಷ್ಟು, ಅಷ್ಟೇ. ಕಡಲ ಬದಿಯ ಆಕಾಶ ಬೇರೆಯೇ ಎಂದು ಮೊದಲ ದಿನವೇ ತಿಳಿಯಿತು. ಕೆಳಗೆ ಮೂಡುಗಾಳಿ ಸಣ್ಣಗೆ ಬೀಸುತ್ತಿದ್ದರೆ ಮೇಲೆ ಇನ್ನೊಂದು ಗಾಳಿ ಇನ್ನೊಂದು ದಿಕ್ಕಿಗೆ ಎಳೆಯುತ್ತಿತ್ತು. ಚಳಿಯ ಬೆಳಗ್ಗೆ ಕೇರಿಯ ಒಲೆಗಳ ಹೊಗೆ ತೆಂಗಿನ ತಲೆಗಿಂತ ತುಸು ಮೇಲೆ ಹೋಗಿ ಅಲ್ಲೇ ನಿಂತುಬಿಡುತ್ತಿತ್ತು, ಚಾಪೆ ಹಾಸಿದ ಹಾಗೆ ಅಡ್ಡಕ್ಕೆ ಹರಡಿ. ಡ್ರೋನ್ ಆ ಹೊಗೆಯೊಳಗೆ ಹೊಕ್ಕರೆ ಪರದೆಯೆಲ್ಲ ಬೂದಿ. ಅದನ್ನು ದಾಟಿದ ಕೂಡಲೇ ತೊಳೆದಿಟ್ಟಂಥ ಬೆಳಕು, ಮೂಡಲಲ್ಲಿ ಅಮಾಸೆಬೈಲಿನ ಆಚೆಗಿನ ಘಟ್ಟದ ನೀಲಿ ಗೋಡೆ, ಪಡುವಲಲ್ಲಿ ಎಲ್ಲಿ ಕಡಲು ಮುಗಿದು ಎಲ್ಲಿ ಆಕಾಶ ಶುರುವಾಯಿತೆಂದು ಹೇಳಲಾಗದ ಬಿಳಿಚು. ಏಡಿ ನೀರಿನ ತಳದಲ್ಲಿ ಓಡಾಡುವಂತೆ ನಾವು ಗಾಳಿಯ ತಳದಲ್ಲಿ ಓಡಾಡಿಕೊಂಡಿದ್ದೇವೆ ಎಂದು ಆಗ ಅನ್ನಿಸಿತು. ಅಷ್ಟು ಮೇಲಿನಿಂದ ಕಂಡರೆ ಎಲ್ಲ ಚಂದವೇ. ಸರ್ವೆಯವರ ಮೇಲಿನ ಸಿಟ್ಟು ಒಂದು ಗಳಿಗೆ ಇಳಿಯುತ್ತಿತ್ತು. ಮರುಗಳಿಗೆ ಏರುತ್ತಿತ್ತು.

ಮೇಲಿನಿಂದಲೇ ನನಗೆ ಆ ಚೌಕಗಳು ಮೊದಲ ಬಾರಿ ಸರಿಯಾಗಿ ಕಂಡದ್ದು. ಅಂದು ಹರಡಿದ ಮೀನು ಬೆಳ್ಳಿ, ನಿನ್ನೆಯದು ಬೂದು, ಮೊನ್ನೆಯದು ಹಳೆಯ ಎಲೆಯ ಬಣ್ಣ. ನಡುನಡುವೆ ಕಾಲುದಾರಿ. ಹುಟ್ಟಿದಾಗಿನಿಂದ ಆ ವಾಸನೆಯಲ್ಲೇ ಬೆಳೆದವಳು ನಾನು, ಅದಕ್ಕೆ ಇಷ್ಟು ಅಚ್ಚುಕಟ್ಟಾದ ಆಕಾರವಿದೆ ಎಂದು ತಿಳಿದಿರಲಿಲ್ಲ. ಪರದೆಯನ್ನು ಚಿಕ್ಕಮ್ಮನಿಗೆ ತೋರಿಸಿದೆ. ಅವಳು ಕಣ್ಣು ಕಿರಿದು ಮಾಡಿ ನೋಡಿ, ಪಕ್ಕದ ಚೌಕದವಳ ಮೀನು ತನ್ನ ಕಡೆಗೆ ಒಂದು ಮೊಳ ಬಂದಿದೆ ಎಂದು ಅಲ್ಲೇ ಜಗಳಕ್ಕೆ ಎದ್ದಳು. ಸಾಕ್ಷಿ ಮಾಡಲು ಹೋದದ್ದು ಮನೆಗೇ ತಿರುಗಿತು! ಇಬ್ಬರನ್ನೂ ಸಮಾಧಾನ ಮಾಡುವಷ್ಟರಲ್ಲಿ ಬ್ಯಾಟರಿ ಮುಗಿದಿತ್ತು.

ಗಾಳಿಗಿಂತ ದೊಡ್ಡ ಕಾಟ ಗಿಡುಗಗಳದ್ದು. ಮೀನಿನ ಆಸೆಗೆ ಅವು ಯಾವಾಗಲೂ ಬಯಲಿನ ಮೇಲೆ ಸುತ್ತುತ್ತವೆ. ತಮ್ಮ ಆಕಾಶದಲ್ಲಿ ಇದ್ಯಾವುದು ಹೊಸ ಹಕ್ಕಿ ಎಂದು ಒಂದು ದಿನ ಗಿಡುಗವೊಂದು ಎರಗಿ ಬಂದು ಡ್ರೋನಿಗೆ ಬಡಿಯಿತು. ಡ್ರೋನ್ ತಲೆಕೆಳಗಾಗಿ ಚಿಕ್ಕಮ್ಮನ ಸಿಗಡಿಯ ಮೇಲೆ ಬಿತ್ತು. ರೆಕ್ಕೆಯೊಂದು ಮುರಿದಿತ್ತು. ನನಗೆ ಅಳುವೇ ಬಂತು. ಎಲ್ಲ ಮುಗಿಯಿತು, ಡೇರೆ ಬರಲಿ, ಕಾರು ನಿಲ್ಲಲಿ, ನನಗೇಕೆ ಈ ಊರ ಉಸಾಬರಿ ಎಂದು ಹೊಯ್ಗೆಯಲ್ಲೇ ಕೂತೆ.

ಚಿಕ್ಕಮ್ಮ ಡ್ರೋನನ್ನು ಎತ್ತಿ, ಸಂದಿಗೆ ಸಿಕ್ಕಿದ ಸಿಗಡಿಗಳನ್ನು ಒಂದೊಂದಾಗಿ ಬಿಡಿಸಿ ಬುಟ್ಟಿಗೆ ಹಾಕಿಕೊಂಡಳು. “ಅಳುದ್ ಎಂತಕ್ಕೆ? ಹಕ್ಕಿ ಮೀನ್ ಕೊಂಡೋಯ್ತ್ ಅಂತ ನಾ ಒಂದಿನ ಆರೂ ಅತ್ತದ್ ಕಂಡಿದ್ಯಾ? ಸಮಾ ಮಾಡ್ಸ್ಕಂಡ್ ಬಾ. ಹಕ್ಕಿ ಕತೆ ನಾ ಕಾಂತೆ.”

ಅವಳು ಕಂಡದ್ದು ಹೀಗೆ. ಮುಂದಿನ ವಾರದಿಂದ, ನಾನು ಬರುವ ಹೊತ್ತಿಗೆ ಹೆಂಗಸರು ಮೀನಿನ ಕರುಳು, ತಲೆ ಎಲ್ಲ ಒಟ್ಟು ಮಾಡಿ ತೆಂಕು ತುದಿಯಲ್ಲಿ ದೂರ ಎಸೆದು ಬರುತ್ತಿದ್ದರು. ಗಿಡುಗ, ಕಾಗೆ ಎಲ್ಲ ಅತ್ತ ಊಟಕ್ಕೆ ಹೋದಾಗ ಇತ್ತ ನಮ್ಮ ಆಕಾಶ ತೆರವಾಗುತ್ತಿತ್ತು. ಬಡಿಸಿ ಬಂದ ಹೆಂಗಸು ಸೆರಗಿಗೆ ಕೈ ಒರೆಸಿಕೊಂಡು, “ಹಾರ್ಸ್ ಹೆಣೆ, ಅವ್ರ್ ಊಟಕ್ಕ್ ಕೂತ್ರ್,” ಎಂದು ಕೂಗುತ್ತಿದ್ದಳು.

ಚಳಿ ಹೋಯಿತು, ಶೆಕೆ ಬಂತು. ಬೈಗೆ ಕಮ್ಮಿಯಾಗಿ ಸಿಗಡಿ ಹೆಚ್ಚಾಯಿತು, ಬಯಲಿನ ಬಣ್ಣ ಬದಲಾಯಿತು. ಮಧ್ಯಾಹ್ನದ ಪಡುಗಾಳಿಯಲ್ಲಿ ಉಪ್ಪಿನ ಮಂಜು ಕ್ಯಾಮೆರಾದ ಗಾಜಿಗೆ ಕೂತು, ಒರೆಸಿದಷ್ಟೂ ಮಸುಕು. ನಾನು ಒಂದು ವಾರವೂ ಬಿಡಲಿಲ್ಲ. ಮದುವೆ ಇದ್ದರೆ ಮದುವೆಗೆ ಮುಂಚೆ ಬಂದೆ, ಪಟ್ಟೆ ಸೀರೆಗೆ ಮೀನಿನ ವಾಸನೆ ಹತ್ತಿಸಿಕೊಂಡೇ ಚಪ್ಪರಕ್ಕೆ ಹೋದೆ. ಯಾರಾದರೂ ಮೂಗು ಮುರಿದರೆ ಮುರಿಯಲಿ.

ಕಡಲ ಮೇಲೆ ಮೊದಲ ಕಪ್ಪು ಮೋಡ ಕಾಣಿಸಿಕೊಳ್ಳುವ ಸ್ವಲ್ಪ ಮುಂಚೆ ಅಧಿಕಾರಿ ಪುನಃ ಬಂದರು. ಪಂಚಾಯತಿನ ಸಭಾಭವನದ ಟಿವಿಗೆ ತಂತಿ ಜೋಡಿಸಿ ಒಂದೊಂದಾಗಿ ತೋರಿಸಿದೆ. ಕೇರಿಯ ಹೆಂಗಸರೆಲ್ಲ ಹಿಂದೆ ನೆಲದ ಮೇಲೆ ಕೂತಿದ್ದರು. ಚಿತ್ರ ಬದಲಾದಂತೆಲ್ಲ ಬಯಲು ಬೆಳ್ಳಿಯಾಗಿ, ಬೂದಾಗಿ, ಕಂದಾಗಿ, ಪುನಃ ಬೆಳ್ಳಿಯಾಯಿತು. ಅಧಿಕಾರಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಗೆದ್ದೆವು ಎಂದೇ ನಾನು ಅಂದುಕೊಂಡೆ.

ಆಗ ಆ ಸದಸ್ಯ ಎದ್ದು ಹೋಗಿ ಪರದೆಯ ಮೇಲೆ ಬೆರಳಿಟ್ಟ. ಬಡಗು ಬದಿಯಲ್ಲಿ ಒಂದು ಚೌಕ. ಸುತ್ತ ಮೀನು, ಅದರಲ್ಲಿ ಮಾತ್ರ ಬರೀ ಹೊಯ್ಗೆ. “ಕಾಣಿ ಸರ್. ಮೊದಲ ಫೋಟೊದಿಂದ ಕೊನೆಯವರೆಗೂ ಇದು ಖಾಲಿ. ಇಡೀ ಹಂಗಾಮು ಯಾರೂ ಮುಟ್ಟಿಲ್ಲ. ಇವರದ್ದೇ ಫೋಟೊ. ಇಲ್ಲಿಂದ ಶುರು ಮಾಡಬಹುದಲ್ಲ?”

ಇಷ್ಟು ತಿಂಗಳು ಮೇಲಿನಿಂದ ನೋಡಿದವಳು ನಾನು. ಆ ಚೌಕವನ್ನು ನಾನೂ ಗಮನಿಸಿದ್ದೆ, ಯಾಕೆ ಎಂದು ಕೇಳಿರಲಿಲ್ಲ. ಅಧಿಕಾರಿ ನನ್ನ ಕಡೆ ನೋಡಿದರು. ನಾನು ಹಿಂದೆ ಕೂತಿದ್ದ ಹೆಂಗಸರ ಕಡೆ ತಿರುಗಿದೆ.

“ಅದ್ ಖಾಲಿ ಅಲ್ಲ,” ಹಿಂದಿನಿಂದ ಚಿಕ್ಕಮ್ಮನ ದನಿ ಬಂತು. “ಅದ್ ಸರಸುದ್. ಬಾಣಂತನಕ್ಕ್ ತಾಯಿ ಮನಿಗ್ ಹೋಯಿತ್, ಬೈಂದೂರಿಗೆ. ಬತ್ತ್.”

“ಅಲ್ಲಿವರೆಗೆ ಬೇರೆ ಯಾರಾದರೂ ಬಳಸಬಹುದಿತ್ತಲ್ಲ ಅಮ್ಮ? ನಿಮಗೇ ಜಾಗ ಸಾಲದು ಅಂತೀರಿ,” ಎಂದರು ಅಧಿಕಾರಿ.

ಚಿಕ್ಕಮ್ಮ ಮಂಡಿ ಹಿಡಿದುಕೊಂಡು ಎದ್ದು ನಿಂತಳು. “ನೀವ್ ರಜೆ ಹಾಕಿ ಮನಿಗ್ ಹೋರೆ ನಿಮ್ ಕುರ್ಚಿ ಖಾಲಿ ಇತ್ತ್ ಅಂತ ಬೇರೆಯವ್ರಿಗ್ ಕೊಡ್ತ್ರಾ? ಸರಸು ಬಪ್ಪತಿಗೆ ಅದ್ರ ಜಾಗದಲ್ ನನ್ನ ಮೀನಿದ್ರೆ ಅದ್ ಎಲ್ಲ್ ಕೂಕಣ್ಕ್? ಮಳಿಗಾಲದಲ್ ಇಡೀ ಬಯ್ಲೇ ಹಾಂಗೆ ಇರತ್ತ್. ಖಾಲಿ ಅಂದ್ರೆ ಯಾರೂ ಬಪ್ಪುಕಿಲ್ಲದ್ದ್. ನಮ್ಮಲ್ಲಿ ಬಪ್ಪವ್ರ್ ಇದ್ರ್.”

ಅಧಿಕಾರಿ ತಾವು ಕೂತಿದ್ದ ಕುರ್ಚಿಯನ್ನು ಒಮ್ಮೆ ನೋಡಿಕೊಂಡು ನಕ್ಕುಬಿಟ್ಟರು. ಸದಸ್ಯನಿಗೆ ನಗು ಬರಲಿಲ್ಲ. ನನಗೆ ಬಂದದ್ದು ಅಳು.

ಮಳೆಗೆ ಮುಂಚೆ ಸರ್ವೆಯವರು ಇನ್ನೊಮ್ಮೆ ಡ್ರೋನ್ ತಂದರು. ಆ ದಿನ ಕೇರಿಯಲ್ಲಿ ಒಂದು ಹಿಡಿಸೂಡಿಯೂ ಹೊರಬರಲಿಲ್ಲ. ಹೆಂಗಸರು ಮಾಮೂಲಿ ಹಳೆ ಸೀರೆಯಲ್ಲಿ ತಮ್ಮ ತಮ್ಮ ಚೌಕದಲ್ಲಿ ಮೀನಿನ ನಡುವೆ ನಿಂತರು. ಸ್ವಲ್ಪ ಬದಿಗೆ ಸರಿದರೆ ನೆಲ ಸರಿಯಾಗಿ ಕಾಣುತ್ತದೆ ಎಂದು ಡ್ರೋನಿನವನು ಕೂಗಿ ಹೇಳಿದ. “ಹೋದ್ಸಲ ಬದಿಗ್ ಸರ್ದದ್ದಕ್ಕೇ ಇಷ್ಟೆಲ್ಲ ಆದ್ದ್. ಈ ಸಲ ಹ್ಯಾಂಗ್ ಇತ್ತೋ ಹಾಂಗೇ ತೆಗಿ!” ಚಿಕ್ಕಮ್ಮ ಕೂಗಿದಳು. ಅವನು ತೆಗೆದ. ಹೊಸ ನಕ್ಷೆಯಲ್ಲಿ ಹಳದಿ ಹೋಗಿ, ‘ಮೀನು ಒಣಗಿಸುವ ಸ್ಥಳ’ ಎಂದು ಬಂತು. ಮುಂದಿನ ಮಾರ್ನಮಿ ಕಳೆದು ಸರಸು ಕೂಸನ್ನು ಸೊಂಟದಲ್ಲಿ ಕೂರಿಸಿಕೊಂಡು ಬಂದು, ಏನೂ ಆಗಿಯೇ ಇಲ್ಲವೆಂಬಂತೆ ತನ್ನ ಚೌಕದಲ್ಲಿ ಬುಟ್ಟಿ ಇಳಿಸಿದಳು.

ನಕ್ಷೆ ಬದಲಾದರೂ ಕಣ್ಣು ಹಾಕುವವರು ಬದಲಾಗಿಲ್ಲ. ವರ್ಷಕ್ಕೊಮ್ಮೆಯಾದರೂ ಯಾರಾದರೊಬ್ಬರು ಟೇಪು ಹಿಡಿದು ಬಂದು ಅಳೆದು ಹೋಗುತ್ತಾರೆ. ಅದಕ್ಕೇ ಕೇರಿಯಲ್ಲಿ ಒಂದು ಹೊಸ ರೂಢಿ ಬಂದಿದೆ. ಆಕಾಶದಲ್ಲಿ ಗುಂಯ್ ಎಂದರೆ ಸಾಕು.

ಮೊನ್ನೆಯೂ ಹಾಗೇ ಆಯಿತು. ಅಂತೂ ಹುಡುಗಿ ಮೂಗಿನಿಂದ ಸೆರಗು ತೆಗೆದಳು, ನಾನು ಡ್ರೋನ್ ಏರಿಸಿದೆ. ಅದು ತೆಂಗಿನ ತಲೆ ದಾಟುವುದರೊಳಗೆ ಮನೆ ಮನೆಯಿಂದ ಹೆಂಗಸರು ಓಡಿ ಬಂದರು. ಒಬ್ಬಳ ಕೈಯಲ್ಲಿ ಸೌಟು, ಒಬ್ಬಳದು ಅರ್ಧ ಕಟ್ಟಿದ ತುರುಬು, ಸರಸುವಿನ ಹಿಂದೆ ಅವಳ ಮಗಳು. ಹಾರಿಸಿದ್ದು ನಾನೇ ಎಂದು ಕಂಡರೂ ಯಾರೂ ಹಿಂದೆ ಹೋಗಲಿಲ್ಲ. ತಮ್ಮ ತಮ್ಮ ಚೌಕದಲ್ಲಿ ನಿಂತು ಮುಖ ಮೇಲೆತ್ತಿದರು.

“ಅವ್ರೆಲ್ಲ ಎಂತಕ್ಕೆ ಓಡಿ ಬಂದದ್ದ್?” ಹುಡುಗಿ ಗಾಬರಿಯಿಂದ ಕೇಳಿದಳು.

“ಫೋಟೊ ತೆಗ್ಸ್ಕಂಬುಕೆ,” ಅಂದೆ.

ಹುಡುಗ ನನ್ನ ಭುಜದ ಮೇಲಿಂದ ಪರದೆಗೆ ಬಗ್ಗಿ ನೋಡುತ್ತಿದ್ದ. ನಡುಮಧ್ಯದ ಒಂದು ಚೌಕಕ್ಕೆ ಬೆರಳಿಟ್ಟ. ಅಲ್ಲಿ ಮೀನೂ ಇರಲಿಲ್ಲ, ಯಾರೂ ನಿಂತಿರಲಿಲ್ಲ. “ಅಕ್ಕ, ಇಲ್ಲ್ ಕಾಣಿ, ಇದೊಂದ್ ಖಾಲಿ ಇತ್ತ್. ನಾವ್ ಇಲ್ಲೇ ನಿಂತ್ರೆ ಆತ್ತಾ?”

“ಅದ್ ಖಾಲಿ ಅಲ್ಲ,” ಅಂದೆ. “ಅದ್ ಪದ್ದು ಚಿಕ್ಕಮ್ಮಂದ್. ಮಂಡಿ ಆಪ್ರೇಶನ್ ಆಯಿ ಮಗಳ ಮನೇಲಿ ಇದ್ರ್. ಬತ್ರ್.”